ನಾಡಚಿಟ್ಟೆಗೆ ಬೇಕಾದ ಬಳ್ಳಿ

ರಾಜ್ಯಕ್ಕೊಂದು ಪ್ರಾಣಿ, ಪಕ್ಷಿ, ಮರ, ಹೂವು ಇರುವುದು ಹಳೆಯ ರೂಢಿ. ಆ ಸಾಲಿಗೆ ಚಿಟ್ಟೆ ಸೇರಿದ್ದು ಈಚೆಗೆ. 2015ರಲ್ಲಿ ಮಹಾರಾಷ್ಟ್ರ ಬ್ಲೂ ಮಾರ್ಮನ್ ಚಿಟ್ಟೆಯನ್ನು ಆರಿಸಿಕೊಂಡು ದೇಶದಲ್ಲೇ ಮೊದಲಾಯಿತು. ಆಮೇಲೆ ಉತ್ತರಾಖಂಡ, ಕರ್ನಾಟಕ, ಕೇರಳ, ತಮಿಳುನಾಡು ಹಿಂಬಾಲಿಸಿದವು. ನಮ್ಮ ಪಾಲಿಗೆ ಬಂದದ್ದು ಸದರ್ನ್ ಬರ್ಡ್‌ವಿಂಗ್.

ಆಯ್ಕೆಯೇನೋ ಸೊಗಸಾಗಿದೆ. ದಕ್ಷಿಣ ಭಾರತ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಕಪ್ಪು ಮುಂದಿನ ರೆಕ್ಕೆ, ಥಳಥಳಿಸುವ ಹಳದಿ ಹಿಂದಿನ ರೆಕ್ಕೆ, ಎದೆಯ ಬದಿಗೆ ಕೆಂಪು. ಹಾಗಾಗಿ ಕನ್ನಡ ಬಾವುಟದ ಬಣ್ಣವೂ ಸಿಕ್ಕಿತು. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ. ದೇಶದ ಅತಿ ದೊಡ್ಡ ಚಿಟ್ಟೆ ಎಂಬ ಪಟ್ಟ ಬಹುಕಾಲ ಇದರದ್ದೇ ಆಗಿತ್ತು. 2020ರಲ್ಲಿ ವರದಿಯಾದ ಉತ್ತರಾಖಂಡದ ಹೆಣ್ಣು ಗೋಲ್ಡನ್ ಬರ್ಡ್‌ವಿಂಗ್, ಬರೀ 4 ಮಿಲಿಮೀಟರ್ ಅಂತರದಲ್ಲಿ, ಅದನ್ನು ಕಸಿದುಕೊಂಡಿತು.

ಆದರೆ ಹಾರುವ ಚಿಟ್ಟೆಯನ್ನಷ್ಟೇ ನೋಡಿ ಬಿರುದು ಕೊಟ್ಟರೆ ಸಾಲದು. ಮಹಾರಾಷ್ಟ್ರದ ಬ್ಲೂ ಮಾರ್ಮನ್‌ಗೆ ಮನೆ ಹಿತ್ತಲ ನಿಂಬೆ, ಚಕ್ಕೋತದ ಎಲೆಯೂ ಆಗುತ್ತದೆ, ಊರೊಳಗೂ ಬದುಕುತ್ತದೆ. ನಮ್ಮದಕ್ಕೆ ಆ ಸಲೀಸು ಇಲ್ಲ. ಅದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಕೆಲವೇ ಗಿಡಗಳನ್ನು. ಬಳ್ಳಿಯ ಎಲೆ ಮಗುಚಿ ನೋಡಿ: ಕಡುಗೆಂಪು ಮೈ, ಅದರ ತುಂಬ ಮುಳ್ಳಿನಂತೆ ಕಾಣುವ ಮೆತ್ತನೆಯ ಗುಬುಟು, ನಡುವೆ ಓರೆಯಾಗಿ ಒಂದು ತಿಳಿಬಣ್ಣದ ಪಟ್ಟಿ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಗ್ರಂಥಿಯೊಂದನ್ನು ಹೊರಚಾಚಿ ಘಾಟು ಬಿಡುತ್ತದೆ.

ಈ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಹುಳು ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಆ ವಿಷ ಉಳಿಯುವುದರಿಂದ ಹಕ್ಕಿಗಳು ಬಾಯಿ ಹಾಕಲು ಹಿಂಜರಿಯುತ್ತವೆ. ಶತ್ರುಗಳ ಭಯ ಕಡಿಮೆಯಿರುವುದಕ್ಕೋ ಏನೋ, ಇದರ ಹಾರಾಟದಲ್ಲಿ ಅವಸರವೇ ಕಾಣದು. ಮನುಷ್ಯರಿಗೆ ಮಾತ್ರ ಅದೇ ಆಮ್ಲ ಮೂತ್ರಪಿಂಡಕ್ಕೆ ಕೇಡು, ಕ್ಯಾನ್ಸರಿಗೂ ಕಾರಣ. ಹಾವಿನ ವಿಷಕ್ಕೆ ಮದ್ದೆಂದು ಇದರ ಬೇರು ಅರೆದು ಕುಡಿಸುವ ಪದ್ಧತಿ ಇನ್ನಾದರೂ ನಿಲ್ಲಬೇಕು. ಹಾವು ಕಚ್ಚಿದರೆ ಆಸ್ಪತ್ರೆಯೇ ಗತಿ.

ಬೇರಿಗೆಂದು ಅಗೆದರೆ ಬಳ್ಳಿಯೇ ಹೋಗುತ್ತದೆ. ಬೇಲಿ ಸವರುವಾಗ ಕಳೆಯೆಂದು ಕತ್ತರಿಸುವುದೂ ಉಂಟು. ಮಲೆನಾಡು, ಕರಾವಳಿಯಲ್ಲಿ ತೋಟವಿರುವವರು ಬೇಲಿಯ ಮೂಲೆಯಲ್ಲಿ ಒಂದೆರಡು ಈಶ್ವರಿ ಬಳ್ಳಿ ಹಬ್ಬಿಸಿ, ಹುಳು ತಿಂದು ಎಲೆ ತೂತಾದರೆ ಔಷಧಿ ಹೊಡೆಯಬೇಡಿ.