ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಸೋರುವ ವಿದ್ಯುತ್ತು

ನಮ್ಮ ಮನೆಗಳ ಬಕೆಟ್, ಮಗ್ಗು, ಡಬ್ಬಿಯ ಮುಚ್ಚಳಗಳಲ್ಲಿ ಹೆಚ್ಚಿನವು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದಿಂದ ಹೊರಬಂದಂತಹವು. ಪ್ಲಾಸ್ಟಿಕಿನ ಹರಳುಗಳನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ, ತಣಿಸಿ ಹೊರತೆಗೆಯುವುದೇ ಇದರ ಕ್ರಮ. ಅಮೆರಿಕದ ಜಾನ್ ವೆಸ್ಲಿ ಹಯಾಟ್ ಇಂತಹ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ. ಕರಗಿಸಲಿಕ್ಕೂ ವಿದ್ಯುತ್ತು ಬೇಕು, ತಣಿಸಲಿಕ್ಕೂ ಬೇಕು. ಕಚ್ಚಾಮಾಲಿನ ಬೆಲೆಯಾಗಲಿ, ವಿದ್ಯುತ್ ದರವಾಗಲಿ ಸಣ್ಣ ಉದ್ಯಮಿಯ ಕೈಯಲ್ಲಿಲ್ಲ. ಆದರೆ ಬಿಲ್ಲಿನ ಒಂದು ಪಾಲು ಯಂತ್ರದ ಸೆಟ್ಟಿಂಗಿನಲ್ಲಿದೆ. ಅದು ಅವನ ಕೈಯಲ್ಲೇ ಇದೆ.

ಸಾಮಾನ್ಯವಾಗಿ ಒಂದು ಸುತ್ತಿನ ಅರ್ಧಕ್ಕೂ ಹೆಚ್ಚು ಹೊತ್ತು ತಣಿಯುವುದಕ್ಕೇ ಹೋಗುತ್ತದೆ. ಹಳೆಯ ಯಂತ್ರಗಳಲ್ಲಿ ಆ ಹೊತ್ತೆಲ್ಲ ಎಣ್ಣೆಯ ಪಂಪು ಸುಮ್ಮನೆ ತಿರುಗುತ್ತಿರುತ್ತದೆ. (ಸರ್ವೋ ಮೋಟಾರಿನ ಹೊಸ ಯಂತ್ರಗಳಲ್ಲಿ ಈ ನಷ್ಟ ಕಡಿಮೆ.) ಮಾಲು ಸೊಟ್ಟಗಾಗದಿರಲೆಂದು ಯಾರೋ ಎಂದೋ ಸೇರಿಸಿದ ಐದು ಸೆಕೆಂಡು ವರ್ಷಗಟ್ಟಲೆ ಹಾಗೆಯೇ ಉಳಿದಿರುವುದುಂಟು. ಲೆಕ್ಕ ನೋಡಿ: ಸುತ್ತಿಗೆ 30 ಸೆಕೆಂಡಾದರೆ ಗಂಟೆಗೆ 120 ಸುತ್ತು, 25 ಸೆಕೆಂಡಾದರೆ 144. ಒಂದೊಂದೇ ಸೆಕೆಂಡು ಇಳಿಸುತ್ತ ಹೋಗಿ, ಮಾಲು ಕೆಡತೊಡಗಿದಲ್ಲಿ ಒಂದು ಹೆಜ್ಜೆ ಹಿಂದೆ ಬಂದರೆ ಸರಿಯಾದ ವೇಳೆ ಸಿಕ್ಕೀತು. ಅಚ್ಚಿನ ನೀರಿನ ದಾರಿಯಲ್ಲಿ ಸುಣ್ಣದ ಪದರ ಕಟ್ಟಿದ್ದರೆ ಮೊದಲು ಅದನ್ನು ತೆಗೆಯಬೇಕು. ಆ ಪದರದ ಮೂಲಕ ಶಾಖ ಬೇಗನೆ ಹಾಯುವುದಿಲ್ಲ.

ಇನ್ನೊಂದು ರೂಢಿ ಶಾಖ ಏರಿಸುವುದು. ಅಚ್ಚು ಪೂರ್ತಿ ತುಂಬದಿದ್ದಾಗ ಕೆಲಸಗಾರ ಮೊದಲು ಕೈಯಿಡುವುದು ಹೀಟರಿನ ಮೇಲೆ. ತೊಂದರೆ ಇರುವುದು ಕಟ್ಟಿಕೊಂಡ ನಳಿಗೆಯಲ್ಲೋ, ಅಚ್ಚಿನಿಂದ ಗಾಳಿ ಹೊರಹೋಗುವ ಸಂದಿಯಲ್ಲೋ ಆಗಿರಬಹುದು. ಪಾಲಿಪ್ರೊಪಿಲೀನ್ ಕರಗಲು ಸುಮಾರು 165 ಡಿಗ್ರಿ ಸೆಲ್ಸಿಯಸ್ ಸಾಕು, ಹರಿಯಬೇಕಾದರೆ 200ರ ಮೇಲೆ ಬೇಕು ನಿಜ. ಅಗತ್ಯಕ್ಕಿಂತ ಹೆಚ್ಚಾಗಿ ಕೊಟ್ಟ ಪ್ರತಿ ಡಿಗ್ರಿಯನ್ನೂ ಮತ್ತೆ ತಣಿಸಿ ತೆಗೆಯಬೇಕು. ಒಂದೇ ತಪ್ಪಿಗೆ ಎರಡು ಸಲ ದಂಡ! ಹರಳು ಕರಗುವುದು ಹೀಟರಿನಿಂದ ಮಾತ್ರವಲ್ಲ. ತಿರುಗುವ ಸ್ಕ್ರೂವಿನ ಉಜ್ಜಾಟದಿಂದಲೇ ಹೆಚ್ಚಿನ ಶಾಖ ಹುಟ್ಟುತ್ತದೆ. ಬ್ಯಾರೆಲಿಗೆ ಶಾಖ ತಡೆಯುವ ಹೊದಿಕೆ ಹಾಕಿದರೆ ಕಾರ್ಖಾನೆಯ ಸೆಕೆಯೂ ಇಳಿಯುತ್ತದೆ. ನಮ್ಮ ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಅದೇನೂ ಸಣ್ಣ ಉಪಕಾರವಲ್ಲ.

ಯಂತ್ರದ ಗಾತ್ರವೂ ಮಾಲಿಗೆ ತಕ್ಕುದಾಗಿರಬೇಕು. ಚದರ ಸೆಂಟಿಮೀಟರಿಗೆ ಅರ್ಧ ಟನ್ನಿನಂತೆ ಅಂದಾಜು ಮಾಡಿದರೆ, 16 ಸೆಂಟಿಮೀಟರ್ ಅಗಲದ ದುಂಡು ಮುಚ್ಚಳಕ್ಕೆ ಅಚ್ಚನ್ನು ಒತ್ತಿ ಹಿಡಿಯಲು ಸುಮಾರು 100 ಟನ್ ಬಲ ಸಾಕು. ಅದನ್ನು 250 ಟನ್ನಿನ ಯಂತ್ರದಲ್ಲಿ ಮಾಡಿದರೆ ದೊಡ್ಡ ಪಂಪನ್ನು ವೃಥಾ ಸಾಕಿದಂತೆ.

ಬೈಕಂಪಾಡಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ನಮ್ಮ ತರುಣರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಸೆಟ್ಟಿಂಗು ಒಬ್ಬನ ನೆನಪಿನಲ್ಲಿರುತ್ತದೆ. ಅವನು ಊರಿಗೆ ಹೋದ ದಿನ ಎಲ್ಲವೂ ಅದಲುಬದಲು. ಅಚ್ಚಿಗೊಂದರಂತೆ ಪುಸ್ತಕವಿಟ್ಟು ಶಾಖ, ಒತ್ತಡ, ಸೆಕೆಂಡುಗಳನ್ನು ಬರೆದಿಡಬೇಕು, ಯಂತ್ರಕ್ಕೊಂದು ಮೀಟರು ಇರಬೇಕು. ದಿನದ ಯುನಿಟ್ಟುಗಳನ್ನು ಆ ದಿನದ ಮಾಲಿನ ಕಿಲೋ ತೂಕದಿಂದ ಭಾಗಿಸಿ ಗೋಡೆಯ ಮೇಲೆ ಬರೆದರೆ, ಯಾವ ಪಾಳಿಯಲ್ಲಿ ಸೋರಿಕೆಯಾಯಿತೆಂಬುದನ್ನು ಬಿಲ್ಲು ಬರುವವರೆಗೆ ಕಾಯದೆ ಮರುದಿನವೇ ತಿಳಿಯಬಹುದು.