ಚಕ್ರದ ಮೇಲಿನ ಮನೆಯ ಅಲುಗುವ ಮೇಜು

2022ರ ಬೇಸಗೆಯಲ್ಲಿ ನಾನೂ ನನ್ನ ಮನೆಯವಳೂ ಕಾಸರಗೋಡಿನಿಂದ ಹೊರಟು ಅಮೆರಿಕೆಯ ಇಂಡಿಯಾನಾ ಸಂಸ್ಥಾನದಲ್ಲಿರುವ ಮಗನಲ್ಲಿಗೆ ಹೋಗಿದ್ದೆವು. ಅಲ್ಲಿನ ಜನರು ರಜೆ ಬಂದಿತೆಂದರೆ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ಅಡುಗೆಯ ಕಟ್ಟೆ, ನೀರಿನ ತೊಟ್ಟಿ, ಮಲಗುವ ಮಂಚ ಎಲ್ಲವನ್ನೂ ಒಳಗೊಂಡ ಆ ಗಾಲಿಮನೆಗೆ ಕ್ಯಾಂಪರ್ ಎಂದು ಹೆಸರು. ಮಗನು ಒಂದು ಹಳೆಯ ಕ್ಯಾಂಪರನ್ನು ಕೊಂಡಿದ್ದನು. ಅದರಲ್ಲಿ ಮಿಚಿಗನ್ ಸರೋವರದ ದಂಡೆಯಲ್ಲಿರುವ ಇಂಡಿಯಾನಾ ಡ್ಯೂನ್ಸ್ ಎಂಬ ಮರಳುದಿಬ್ಬಗಳ ಸೀಮೆಗೆ ನಮ್ಮನ್ನು ಕರೆದೊಯ್ದನು. 2019ರಿಂದ ಅದು ರಾಷ್ಟ್ರೀಯ ಉದ್ಯಾನ. ಸರೋವರವೆಂದರೂ ಆಚೆಯ ದಡ ಕಾಣದು. ನಮ್ಮ ಬೇಕಲದ ಕಡಲನ್ನೇ ಕಂಡಂತಾಯಿತು.

ಕ್ಯಾಂಪರಿನ ನಡುವೆ ಎದುರುಬದುರಾಗಿ ಎರಡು ಬೆಂಚುಗಳು, ಅವುಗಳ ಮಧ್ಯೆ ಊಟದ ಮೇಜು. ಈ ಜೋಡಣೆಗೆ ಅಲ್ಲಿ ಡೈನೆಟ್ ಎನ್ನುತ್ತಾರೆ. ಹಗಲು ಉಂಡ ಮೇಜೇ ರಾತ್ರಿ ಮಂಚವಾಗುವುದು ಅದರ ಹೆಚ್ಚುಗಾರಿಕೆ. ಕಾಲುಗಳನ್ನು ಕಳಚಿ ಹಲಗೆಯನ್ನು ಬೆಂಚುಗಳ ಅಂಚಿನ ಪಟ್ಟಿಗಳ ಮೇಲೆ ಕೂರಿಸಿ, ಬೆನ್ನೊರಗುವ ಮೆತ್ತೆಗಳನ್ನು ಹಾಸಿದರೆ ಇಬ್ಬರ ಹಾಸಿಗೆ ಸಿದ್ಧ. ಈ ಉಪಾಯ ಹೊಸದೇನಲ್ಲ. ವಾಲಿ ಬಯಮ್ ಎಂಬಾತನು 1936ರಲ್ಲಿ ಹೊರತಂದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಗಾಲಿಮನೆಯಲ್ಲಿಯೂ ಹೀಗೆ ಹಾಸಿಗೆಯಾಗುವ ಡೈನೆಟ್ ಇತ್ತು.

ನಮ್ಮ ಮೇಜು ಮಾತ್ರ ಮೊದಲ ದಿನದಿಂದಲೇ ಅಲುಗುತ್ತಿತ್ತು. ಮಗನು ದಿನಕ್ಕೊಮ್ಮೆ ಸ್ಕ್ರೂಗಳನ್ನು ಬಿಗಿಯುವನು. ಸಂಜೆಯ ವೇಳೆಗೆ ಮತ್ತೆ ಅದೇ ಪಾಡು. ಮೂರನೆಯ ರಾತ್ರಿ ನನ್ನ ಮನೆಯವಳು ಕುದಿಯುವ ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಮೊಮ್ಮಗಳು ಬೆಂಚನ್ನೇರಲು ಮೇಜಿನ ಅಂಚನ್ನು ಹಿಡಿದಳು. ಹಲಗೆ ವಾಲಿತು, ಪಾತ್ರೆ ಜಾರಿತು. ಸೊಸೆಯು ಮಗುವನ್ನು ಸೆಳೆದುಕೊಂಡುದರಿಂದ ಸಾರು ಬರಿಯ ಬೆಂಚಿನ ಮೇಲೆ ಚೆಲ್ಲಿತು. ಐದು ವರ್ಷದ ಕೂಸಿನ ತೊಡೆಯ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆದು ಆ ರಾತ್ರಿ ಯಾರಿಗೂ ಊಟ ರುಚಿಸಲಿಲ್ಲ.

“ಈ ಕಾಲುಗಳನ್ನೇ ಎಸೆದು ಹೊಸದು ತರುತ್ತೇನೆ ಅಪ್ಪಾ” ಎಂದನು ಮಗ.

“ಕಾಲು ಏನು ತಪ್ಪು ಮಾಡಿದೆ ಎಂದು ಮೊದಲು ನೋಡೋಣ, ನಿಲ್ಲು” ಎಂದೆ. ಊರಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ಆಚಾರಿಯು ಕುರ್ಚಿ ಅಲುಗಿದರೆ ಕಾಲನ್ನು ನೋಡುತ್ತಿರಲಿಲ್ಲ, ಬೆಸುಗೆಯನ್ನು ನೋಡುತ್ತಿದ್ದನು. ಚಿಕ್ಕಂದಿನಲ್ಲಿ ಅವನ ಬಳಿ ಕುಳಿತು ಕಂಡದ್ದು ಅಷ್ಟು ದೂರದಲ್ಲಿ ನೆನಪಿಗೆ ಬಂತು.

ಮರುದಿನ ಬೆಳಗ್ಗೆ ಮಗನು ಮೇಜನ್ನು ಮೆಲ್ಲನೆ ಅಲುಗಿಸಿದನು. ನಾನು ನೆಲದ ಮೇಲೆ ಕುಳಿತು ಒಂದೊಂದು ಕೂಡಿಕೆಗೂ ಬೆರಳಿಟ್ಟು ನೋಡಿದೆ. ಕಾಲುಗಳು ಎರಡು. ಪ್ರತಿಯೊಂದೂ ಎರಡೂಕಾಲು ಅಂಗುಲ ದಪ್ಪದ, ಸುಮಾರು 27 ಅಂಗುಲ ಉದ್ದದ ಕೊಳವೆ. ಅದರ ಎರಡೂ ತುದಿಗಳು ಕೊಂಚ ಕಿರಿದಾಗಿವೆ. ನೆಲದಲ್ಲೊಂದು, ಹಲಗೆಯ ಅಡಿಯಲ್ಲೊಂದು ಲೋಹದ ಬಟ್ಟಲಿದ್ದು, ಕೊಳವೆಯ ತುದಿ ಅವುಗಳೊಳಗೆ ಒತ್ತಿ ಕೂರಬೇಕು. ಹಿಡಿತವೆಲ್ಲ ಉಜ್ಜಿಕೆಯ ಬಲದ್ದು. ಬೈರಿಗೆಯ ಅಲಗುಗಳನ್ನು ಯಂತ್ರದಲ್ಲಿ ಹಿಡಿಸಲು ಸ್ಟೀಫನ್ ಮೋರ್ಸ್ ಎಂಬ ಅಮೆರಿಕನ್ನನು 1860ರ ದಶಕದಲ್ಲಿ ಬಳಕೆಗೆ ತಂದ ಕಿರಿದಾಗುವ ಹಿಡಿಯ ತತ್ತ್ವವೂ ಇದೇ. ಲೇತ್ ಕೆಲಸ ಬಲ್ಲ ನಮ್ಮ ತರುಣರಿಗೆ ಮೋರ್ಸ್ ಟೇಪರ್ ಎಂದರೆ ಥಟ್ಟನೆ ತಿಳಿದೀತು.

ಕಾಲನ್ನು ತಿರುಚಿ ಮೇಲೆತ್ತಿದಾಗ ಮೊದಲ ಕಳ್ಳನು ಸಿಕ್ಕಿದನು: ಕೆಳಗಿನ ಬಟ್ಟಲಿನ ತುಂಬ ಮರಳು! ಸರೋವರದ ದಂಡೆಯಿಂದ ನಮ್ಮ ಕಾಲುಗಳೊಂದಿಗೆ ಬಂದದ್ದು. ಲೋಹಕ್ಕೆ ಲೋಹ ತಾಗಬೇಕಾದಲ್ಲಿ ಮರಳ ಕಣ ಕುಳಿತರೆ ಬಿಗಿಯೆಲ್ಲಿಯದು? ಒಣಬಟ್ಟೆಯಿಂದ ಬಟ್ಟಲನ್ನೂ ಕೊಳವೆಯ ತುದಿಯನ್ನೂ ಒರೆಸಿದೆವು. ಮಗನು ಎಣ್ಣೆ ಹಚ್ಚಲು ಹೊರಟಿದ್ದನು, ತಡೆದೆ. ಉಜ್ಜಿಕೆಯಿಂದ ನಿಲ್ಲುವ ವಸ್ತುವಿಗೆ ಎಣ್ಣೆ ಕೂಡದು.

ಎರಡನೆಯ ಕಳ್ಳನು ಹಲಗೆಯ ಅಡಿಯಲ್ಲಿದ್ದನು. ಮೇಲಿನ ಬಟ್ಟಲಿನ ಸ್ಕ್ರೂಗಳು ತಿರುಗುತ್ತಿದ್ದುವೇ ಹೊರತು ಬಿಗಿಯುತ್ತಿರಲಿಲ್ಲ. ನೋಡಲು ಮರದಂತಿದ್ದರೂ ಆ ಹಲಗೆಯು ಮರದ ಹೊಟ್ಟನ್ನು ಅಂಟಿನೊಡನೆ ಒತ್ತಿ ಮಾಡಿದುದು. ಹಲಸಿನ ಹಲಗೆಯಂತೆ ಅದಕ್ಕೆ ನಾರಿನ ಹಿಡಿತವಿಲ್ಲ. ಒಮ್ಮೆ ಸಡಿಲಾದ ಸ್ಕ್ರೂವನ್ನು ಮತ್ತೆ ಮತ್ತೆ ಬಿಗಿದಷ್ಟೂ ತೂತು ಪುಡಿಯಾಗಿ ಅಗಲವಾಗುತ್ತದೆ. ಮಗನ ದಿನನಿತ್ಯದ ಉಪಚಾರವೇ ರೋಗವನ್ನು ಬೆಳೆಸಿತ್ತು! ಹೀಗೆ ಮೇಲಿನ ಹಿಡಿತ ತಪ್ಪಿದರೆ ಭಾರವೆಲ್ಲ ಕೆಳಗಿನ ಬಟ್ಟಲಿಗೆ. ಬಟ್ಟಲಿನ ಅಗಲ ಸುಮಾರು ಆರೂವರೆ ಅಂಗುಲ, ಕಾಲಿನ ಎತ್ತರ 27; ಆದುದರಿಂದ ಮೇಲ್ತುದಿಯಲ್ಲಿ ಒಂದು ಕಾಲಿಗೆ ಅಡ್ಡಲಾಗಿ ಬಿದ್ದ 5 ಕಿಲೋ ನೂಕು, ನೆಲದ ಸ್ಕ್ರೂಗಳನ್ನು ಸುಮಾರು 20 ಕಿಲೋ ಬಲದಿಂದ ಕೀಳುತ್ತದೆ. ಹೊಸ ಕಾಲು ತಂದಿದ್ದರೆ ಹಣ ಹೋಗುತ್ತಿತ್ತು, ಅಲುಗಾಟ ಉಳಿಯುತ್ತಿತ್ತು.

ಉದ್ದದ ಸ್ಕ್ರೂ ಹಾಕೋಣವೆಂದರೆ, ಹಲಗೆಯ ದಪ್ಪ ಒಂದಂಗುಲಕ್ಕಿಂತ ಕಡಿಮೆ. ಮೊನೆ ಊಟದ ತಟ್ಟೆಯ ಬಳಿ ಎದ್ದೀತು. ನೆಲದಲ್ಲಿ ಅದು ಇನ್ನೂ ಅಪಾಯ. ಅಡಿಯಲ್ಲಿ ವಿದ್ಯುತ್ತಿನ ತಂತಿ, ನೀರಿನ ಕೊಳವೆಗಳು ಹಾದಿರುತ್ತವೆ. ಆದಕಾರಣ ಹಳೆಯ ತೂತುಗಳನ್ನು ಬೈರಿಗೆಯಿಂದ ಒಂದಿಷ್ಟು ಹಿಗ್ಗಿಸಿ, ಗಟ್ಟಿಮರದ ಗೂಟಗಳಿಗೆ ಅಂಟು ಬಳಿದು ಬಡಿದು, ಮೈಮಟ್ಟಕ್ಕೆ ಕೊಯ್ದೆವು. ಬೈರಿಗೆಯ ಅಲಗಿಗೆ ಕಾಗದದ ಪಟ್ಟಿ ಸುತ್ತಿ ಆಳದ ಗುರುತು ಮಾಡಿಕೊಂಡಿದ್ದೆವು. ಬಳಿಕ ಪ್ರತಿಯೊಂದು ಬಟ್ಟಲಿಗೂ ಒಂದಡಿ ಚೌಕದ, ಅರ್ಧ ಅಂಗುಲದ ಪ್ಲೈವುಡ್ ತುಂಡನ್ನು ಹಲಗೆಯ ಅಡಿಗೆ ಅಂಟು ಮತ್ತು ಗಿಡ್ಡ ಸ್ಕ್ರೂಗಳಿಂದ ಕೂಡಿಸಿದೆವು. ಎಳೆತವು ನಾಲ್ಕಾರು ತೂತುಗಳ ಮೇಲೆ ಬೀಳದೆ ಅಗಲವಾದ ಜಾಗಕ್ಕೆ ಹಂಚಿಹೋಗಲೆಂದು ಈ ಏರ್ಪಾಡು. ರಾತ್ರಿ ಹಲಗೆ ಇಳಿಯುವಾಗ ಬೆಂಚಿನ ಪಟ್ಟಿಗಳಿಗೆ ತಗಲದಂತೆ ತುಂಡುಗಳನ್ನು ಒಳಸರಿಸಿಯೇ ಕೂರಿಸಬೇಕು. ಅಂಟು ಒಣಗಲು ಒಂದು ಹಗಲು ಒಂದು ರಾತ್ರಿ ಬಿಟ್ಟು, ಬಟ್ಟಲುಗಳನ್ನು ಆ ಪ್ಲೈವುಡ್ಡಿಗೆ ಬಿಗಿದೆವು. ಮೇಜು ಅರ್ಧ ಅಂಗುಲ ಎತ್ತರವಾಯಿತು; ಮೊಮ್ಮಗಳೊಬ್ಬಳೇ ಅದನ್ನು ಗಮನಿಸಿದವಳು.

ಇನ್ನೊಂದು ಮಾತು. ಕ್ಯಾಂಪರು ಹೆದ್ದಾರಿಯಲ್ಲಿ ಓಡುವಾಗ ಒಳಗಿನ ಮೇಜು ಗಂಟೆಗಟ್ಟಲೆ ನಡುಗುತ್ತದೆ. ನಿಂತ ಮನೆಯ ಮೇಜಿಗೆ ಈ ಕಷ್ಟವಿಲ್ಲ. ಆದುದರಿಂದ ಹೊರಡುವ ಮುನ್ನ ಹಲಗೆಯನ್ನು ಕಳಚಿ ಬೆಂಚುಗಳ ಪಟ್ಟಿಗಳ ಮೇಲೆ ಇಳಿಸಿಬಿಡುವುದು ಕ್ಷೇಮ. ನಮ್ಮವಳಿಗೆ ಮಾತ್ರ ಬೇರೆಯೇ ಅಂಜಿಕೆ. ಅಲುಗುವ ಮೇಜಿನ ಮೇಲೆ ಮಲಗುವುದು ಹೇಗೆಂದು ಮೂರು ರಾತ್ರಿ ಮಗ್ಗುಲು ಬದಲಿಸದೆ ಮಲಗಿದ್ದಳಂತೆ. ಮಂಚವಾದಾಗ ಕಾಲುಗಳಿಗೆ ಕೆಲಸವೇ ಇಲ್ಲ, ಭಾರವೆಲ್ಲ ಬೆಂಚಿನ ಪಟ್ಟಿಗಳದ್ದು ಎಂದು ಹೇಳಿದೆ. “ಹಾಗಿದ್ದರೆ ಆ ಪಟ್ಟಿಗಳ ಸ್ಕ್ರೂಗಳನ್ನೂ ಒಮ್ಮೆ ನೋಡಿಬಿಡಿ” ಎಂದಳು. ನೋಡಿದೆವು, ಎರಡು ಸಡಿಲಾಗಿದ್ದುವು.