ಮುಂಚಾಚಿದ ಕೆಳದವಡೆ

ಹಲ್ಲುಗಳನ್ನು ಒಂದಕ್ಕೊಂದು ತಾಗಿಸಿ, ಕನ್ನಡಿಯ ಮುಂದೆ ನಿಂತು ತುಟಿಗಳನ್ನು ತುಸು ಬಿಡಿಸಿ ನೋಡಿದರೆ, ಬಹುಮಂದಿಯಲ್ಲಿ ಮೇಲಿನ ಸಾಲಿನ ಹಲ್ಲುಗಳು ಕೆಳಗಿನ ಸಾಲನ್ನು ಹೊರಗಿನಿಂದ ಬಳಸಿಕೊಂಡು ಕುಳಿತಿರುವುದು ಕಾಣುತ್ತದೆ. ಡಬ್ಬಿಯ ಮುಚ್ಚಳವು ಡಬ್ಬಿಯ ಅಂಚಿಗಿಂತ ಕೊಂಚ ಅಗಲವಾಗಿದ್ದು ಅದನ್ನು ಮುಚ್ಚಿಕೊಳ್ಳುವಂತೆಯೇ ಇದು. ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ ಸುಮಾರು 2 ಮಿಲಿಮೀಟರಿನಷ್ಟು ಮುಂದಿರುತ್ತವೆ. ಆದರೆ ಕೆಲವರಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳ ಹೊರಗೆ ಬಂದು ಕೂಡುತ್ತವೆ. ಗದ್ದ ಮುಂದೆ ಚಾಚಿದಂತೆಯೂ ಮೂಗಿನ ಇಕ್ಕೆಲದ ಭಾಗ ತಗ್ಗಿದಂತೆಯೂ ತೋರುತ್ತದೆ. ದಂತವೈದ್ಯರು ಇದನ್ನು ಅಂಡರ್‌ಬೈಟ್ ಎಂದು ಕರೆಯುತ್ತಾರೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಕೆಳದವಡೆಯ ಹಲ್ಲುಗಳು ಇರಬೇಕಾದುದಕ್ಕಿಂತ ಮುಂದಿರುವ ಸ್ಥಿತಿಯು ಅವುಗಳಲ್ಲಿ ಮೂರನೆಯದು.

ಇದು ಕೇವಲ ಅಂದದ ಮಾತೆಂದು ತಿಳಿಯಬಾರದು. ಖಡಕ್ ರೊಟ್ಟಿಯನ್ನು ನಾವು ಮುಂಬಲ್ಲುಗಳಿಂದ ಕಡಿದು, ದವಡೆಹಲ್ಲುಗಳಿಂದ ಅರೆಯುತ್ತೇವೆ. ಕತ್ತರಿಯ ಎರಡು ಅಲಗುಗಳಂತೆ ಬಾಚಿಹಲ್ಲುಗಳು ಒಂದರ ಮೇಲೊಂದು ಜಾರಿದರೆ ಮಾತ್ರ ತುಂಡು ಕಡಿದುಬರುತ್ತದೆ. ಕೆಳದವಡೆ ಮುಂದೆ ಬಂದವರು ರೊಟ್ಟಿಯನ್ನು ಬಾಯಿಯ ಪಕ್ಕಕ್ಕೆ ಕೊಂಡೊಯ್ದು ಕಡಿಯುವುದನ್ನು ಗಮನಿಸಬಹುದು. ‘ಸ’, ‘ಶ’ ಮುಂತಾದ ಅಕ್ಷರಗಳ ಉಚ್ಚಾರಣೆಯೂ ಕೆಲವರಲ್ಲಿ ತೊಡಕಾಗುತ್ತದೆ. ಹಲ್ಲುಗಳು ಅಡ್ಡಾದಿಡ್ಡಿಯಾಗಿ ಒಂದನ್ನೊಂದು ತಾಕಿ ಸವೆಯುತ್ತವೆ. ಕೆಳಗಿನ ಮುಂಬಲ್ಲುಗಳ ಒಸಡು ಕೆಳಗೆ ಸರಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಶಾಲೆಯಲ್ಲಿ ಸಹಪಾಠಿಗಳು ಇಡುವ ಅಡ್ಡಹೆಸರು ಮಗುವಿನ ನಗುವನ್ನೇ ಕಸಿದುಕೊಳ್ಳಬಲ್ಲುದು. ಬಾಯಿಗೆ ಕೈಯಿಟ್ಟುಕೊಂಡೇ ಮಾತನಾಡುವ ಮಕ್ಕಳು ಯಾವ ಊರಿನಲ್ಲಿಲ್ಲ?

ಈ ಸ್ಥಿತಿ ಹೊರನೋಟಕ್ಕೆ ಒಂದೇ ಬಗೆಯದಾಗಿ ಕಂಡರೂ ಅದರ ಕಾರಣಗಳು ಬೇರೆ ಬೇರೆ. ಕೆಲವರಲ್ಲಿ ದವಡೆಗಳು ಸರಿಯಾಗಿಯೇ ಇದ್ದು, ಮೇಲಿನ ಒಂದೆರಡು ಹಲ್ಲುಗಳು ಒಳಕ್ಕೆ ವಾಲಿ ಹುಟ್ಟಿರುತ್ತವೆ. ಇನ್ನು ಕೆಲವರಲ್ಲಿ ಬಾಯಿ ಮುಚ್ಚುವಾಗ ಯಾವುದೋ ಒಂದು ಹಲ್ಲು ಅಡ್ಡ ಬಂದು, ಅದನ್ನು ತಪ್ಪಿಸಲು ಮಗು ಕೆಳದವಡೆಯನ್ನು ಮುಂದಕ್ಕೆ ಜಾರಿಸುವ ರೂಢಿ ಮಾಡಿಕೊಂಡಿರುತ್ತದೆ. ಅಂಥ ಮಗುವಿಗೆ ದವಡೆಯನ್ನು ಮೆಲ್ಲನೆ ಹಿಂದಕ್ಕೆ ತಂದು ಬಾಚಿಹಲ್ಲುಗಳ ತುದಿಗೆ ತುದಿ ತಾಗಿಸಲು ಸಾಧ್ಯವಾಗುತ್ತದೆ. ವೈದ್ಯರು ಮೊದಲು ಪರೀಕ್ಷಿಸುವುದು ಇದನ್ನೇ. ಮೂರನೆಯದು ಎಲುಬಿನ ದೋಷ. ಕೆಳದವಡೆಯ ಎಲುಬು ಅಳತೆ ಮೀರಿ ಬೆಳೆದಿರಬಹುದು, ಮೇಲ್ದವಡೆಯ ಎಲುಬು ಬೆಳೆಯದೆ ಹಿಂದುಳಿದಿರಬಹುದು, ಇಲ್ಲವೆ ಎರಡೂ ಕೂಡಿರಬಹುದು. ಕೆಳದವಡೆ ಮುಂದೆ ಬಂದಿದೆ ಎಂದು ಜನ ಹೇಳುವ ಎಷ್ಟೋ ಮುಖಗಳಲ್ಲಿ ನಿಜವಾಗಿ ಹಿಂದೆ ನಿಂತಿರುವುದು ಮೇಲ್ದವಡೆ. ಹುಟ್ಟಿನಿಂದಲೇ ಸೀಳುತುಟಿ, ಸೀಳಂಗಳವುಳ್ಳ ಮಕ್ಕಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಎಳೆವಯಸ್ಸಿನ ಶಸ್ತ್ರಚಿಕಿತ್ಸೆಯ ಕಲೆ ಬಿಗಿದುಕೊಂಡು ಮೇಲ್ದವಡೆಯ ಬೆಳವಣಿಗೆಯನ್ನು ತಡೆಯುತ್ತದೆ.

ಎಲುಬಿನ ದೋಷ ವಂಶದಲ್ಲಿ ಹರಿದುಬರುವುದುಂಟು. ಇದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದಿದೆ. ಮುದಗಲ್ಲಿನ ಕೋಟೆಯನ್ನು ಕಂಡವರಿಗೆ, ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಿಜಾಪುರದ ಸುಲ್ತಾನರೂ ನಡೆಸಿದ ಕಾದಾಟಗಳು ಗೊತ್ತು. ಕೃಷ್ಣದೇವರಾಯನು ರಾಯಚೂರಿನಲ್ಲಿ ಗೆದ್ದ 1520ರಲ್ಲಿಯೇ, ದೂರದ ಜರ್ಮನಿಯಲ್ಲಿ ಐದನೆಯ ಚಾರ್ಲ್ಸ್ ಎಂಬ ಇಪ್ಪತ್ತು ವರ್ಷದ ಅರಸನ ಕಿರೀಟಧಾರಣೆ ನಡೆಯಿತು. ಯುರೋಪಿನ ದೊಡ್ಡ ಭಾಗ ಅವನ ಆಳ್ವಿಕೆಯಲ್ಲಿತ್ತು. ಆದರೆ ತನ್ನ ಹಲ್ಲುಗಳನ್ನು ಒಂದಕ್ಕೊಂದು ಸರಿಯಾಗಿ ಕೂಡಿಸುವುದು ಅವನಿಂದಾಗುತ್ತಿರಲಿಲ್ಲ. ಅವನ ಹ್ಯಾಬ್ಸ್‌ಬರ್ಗ್ ಮನೆತನದ ಚಿತ್ರಪಟಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಅದೇ ಗದ್ದ ಮರಳಿ ಮರಳಿ ಕಾಣುತ್ತದೆ. ಆ ಮನೆತನದಲ್ಲಿ ರಕ್ತಸಂಬಂಧದೊಳಗಿನ ಮದುವೆಗಳು ಹೆಚ್ಚು. ಸ್ಪೇನಿನ ಎರಡನೆಯ ಚಾರ್ಲ್ಸನ ತಂದೆತಾಯಿಗಳು ಸೋದರಮಾವ ಮತ್ತು ಸೊಸೆಯಾಗಬೇಕಾದವರು. 2019ರಲ್ಲಿ ಸ್ಪೇನಿನ ಸಂಶೋಧಕರು ಈ ಮನೆತನದ ಹದಿನೈದು ಜನರ 66 ಚಿತ್ರಪಟಗಳನ್ನು ಶಸ್ತ್ರವೈದ್ಯರಿಂದ ಪರೀಕ್ಷಿಸಿದರು. ರಕ್ತಸಂಬಂಧ ನಿಕಟವಾದಷ್ಟೂ ದವಡೆಯ ಮುಂಚಾಚು ಹೆಚ್ಚಿದುದು ಅವರಿಗೆ ಕಂಡುಬಂದಿತು. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ವಾಡಿಕೆ ನಮ್ಮ ಸೀಮೆಯಲ್ಲಿಯೂ ಇರುವುದರಿಂದ, ಇದು ನಮಗೆ ತೀರ ದೂರದ ಸಂಗತಿಯಲ್ಲ. ಹಾಗೆಂದು ಇಂಥ ಮದುವೆಯ ಮಕ್ಕಳಿಗೆಲ್ಲ ದವಡೆ ಮುಂದೆ ಬರುತ್ತದೆಂದಾಗಲಿ, ದವಡೆ ಮುಂದೆ ಬಂದವರೆಲ್ಲ ಅಂಥ ಮದುವೆಯ ಮಕ್ಕಳೆಂದಾಗಲಿ ಎಣಿಸಲಾಗದು.

ಚಿಕಿತ್ಸೆಯನ್ನು ಅರಿಯಬೇಕಾದರೆ ಮೊದಲು ಬೆಳವಣಿಗೆಯ ಕಾಲವನ್ನು ಅರಿಯಬೇಕು. ಮೇಲ್ದವಡೆಯು ತಲೆಬುರುಡೆಯ ಇತರ ಎಲುಬುಗಳೊಂದಿಗೆ ಹೊಲಿಗೆಯಂಥ ಸಂದುಗಳಿಂದ ಕೂಡಿಕೊಂಡಿದೆ. ಬಾಲ್ಯದಲ್ಲಿ ಈ ಸಂದುಗಳು ಮೃದು. ಹತ್ತು ಹನ್ನೊಂದು ವರ್ಷ ದಾಟಿದ ಮೇಲೆ ಅವು ಕ್ರಮೇಣ ಬಿಗಿಯುತ್ತವೆ. ಕೆಳದವಡೆಯಾದರೋ ಕಿವಿಯ ಮುಂದಿನ ಕೀಲಿನ ಬಳಿ ಬೆಳೆಯುತ್ತ, ದೇಹ ಎತ್ತರಕ್ಕೆ ಏರುವ ಕಾಲದಲ್ಲಿ ತಾನೂ ಉದ್ದವಾಗುತ್ತದೆ. ಹುಡುಗಿಯರಲ್ಲಿ ಈ ಬೆಳವಣಿಗೆ ಬೇಗ ಮುಗಿಯುತ್ತದೆ. ಹುಡುಗರಲ್ಲಿ ಹದಿನೆಂಟು ಇಪ್ಪತ್ತು ವರ್ಷಗಳವರೆಗೂ ನಡೆಯಬಹುದು. ಆದುದರಿಂದ ಒಂದೇ ದೋಷಕ್ಕೆ ಎಂಟು ವರ್ಷದ ಮಗುವಿಗೆ ಒಂದು ಚಿಕಿತ್ಸೆ, ಹದಿನಾಲ್ಕರ ಹುಡುಗನಿಗೆ ಇನ್ನೊಂದು, ಇಪ್ಪತ್ತರ ತರುಣನಿಗೆ ಮತ್ತೊಂದು.

ಹಾಲುಹಲ್ಲು ಬಿದ್ದು ಮುಂದಿನ ಶಾಶ್ವತ ಹಲ್ಲುಗಳು ಬರುವ ಏಳೆಂಟು ವರ್ಷದ ವಯಸ್ಸು ಬಹಳ ಬೆಲೆಯುಳ್ಳದ್ದು. ಒಂದೇ ಹಲ್ಲು ಒಳಗೆ ವಾಲಿದ್ದರೆ, ತೆಗೆದು ಹಾಕಿಕೊಳ್ಳಬಹುದಾದ, ಸಣ್ಣ ಸ್ಪ್ರಿಂಗ್ ಇರುವ ತಟ್ಟೆಯೊಂದು ಕೆಲವೇ ತಿಂಗಳಲ್ಲಿ ಅದನ್ನು ಹೊರಕ್ಕೆ ದೂಡಿಬಿಡುತ್ತದೆ. ಮೇಲ್ದವಡೆಯ ಎಲುಬೇ ಹಿಂದುಳಿದಿದ್ದರೆ ವೈದ್ಯರು ಮುಖಕ್ಕೆ ತೊಡಿಸುವ ಚೌಕಟ್ಟೊಂದನ್ನು ಕೊಡುತ್ತಾರೆ. ಅದಕ್ಕೆ ಫೇಸ್‌ಮಾಸ್ಕ್ ಎಂದು ಹೆಸರು. ಅದು ಹಣೆಗೂ ಗದ್ದಕ್ಕೂ ಒರಗಿ ನಿಲ್ಲುತ್ತದೆ. ಬಾಯೊಳಗೆ ಮೇಲಿನ ಹಲ್ಲುಗಳಿಗೆ ಕೂಡಿಸಿದ ಕೊಕ್ಕೆಗಳಿಂದ ಈ ಚೌಕಟ್ಟಿಗೆ ರಬ್ಬರ್ ಬಳೆಗಳನ್ನು ಸಿಕ್ಕಿಸುತ್ತಾರೆ. ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ, ಅಂದರೆ ಸಂಜೆಯಿಂದ ಬೆಳಗಿನವರೆಗೆ, ಒಂಬತ್ತು ತಿಂಗಳೋ ಒಂದು ವರ್ಷವೋ ಧರಿಸಿದರೆ, ಮೃದುವಾದ ಸಂದುಗಳಲ್ಲಿ ಹೊಸ ಎಲುಬು ತುಂಬಿ ಮೇಲ್ದವಡೆ ಕೆಲವು ಮಿಲಿಮೀಟರು ಮುಂದೆ ಬರುತ್ತದೆ. ಶಾಲೆಗೆ ಅದನ್ನು ತೊಟ್ಟು ಹೋಗಬೇಕಾಗಿಲ್ಲವೆಂಬುದು ಮಕ್ಕಳಿಗೆ ದೊಡ್ಡ ಸಮಾಧಾನ.

ಆದರೆ ಈ ವಯಸ್ಸಿನಲ್ಲಿ ಮಗುವಿನ ಬಾಯನ್ನು ನೋಡುವವರು ಕಡಮೆ. ‘ಹಾಲುಹಲ್ಲು ತಾನೇ, ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಎಲುಬಿನ ದೋಷದಲ್ಲಿ ಆಗುವುದು ಇದಕ್ಕೆ ತಿರುಗಾದುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ನೋಡುವ ದೋಷಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಗಳೂ ಸೀಳಂಗಳವೂ ಇವೆ. ತಮ್ಮನದೋ ತಂಗಿಯದೋ ಕೆಳಗಿನ ಹಲ್ಲು ಹೊರಗೆ ಕೂಡುವುದನ್ನು ಕಂಡವರು ಆ ದಿನ ಅದನ್ನು ವೈದ್ಯರಿಗೆ ತೋರಿಸಬಹುದು.

ಗಟ್ಟಿಯಾದ ಎಲುಬಿನಲ್ಲಿ ನೆಟ್ಟ ಹಲ್ಲು ಸರಿಯುವುದು ಹೇಗೆ ಎಂಬ ಪ್ರಶ್ನೆ ಸಹಜ. ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ತೆಳುವಾದ ನಾರಿನ ಪದರವಿದೆ. ತಂತಿಯು ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಬದಿಯ ಎಲುಬನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ. ಹಿಂದೆ ತೆರವಾದ ಬದಿಯಲ್ಲಿ ಬೇರೆ ಜೀವಕೋಶಗಳು ಹೊಸ ಎಲುಬನ್ನು ಕಟ್ಟುತ್ತವೆ. ಈ ವಿಧದಲ್ಲಿ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರು ಸರಿಯುತ್ತದೆ. ಬಲವಾಗಿ ಎಳೆದರೆ ಬೇಗ ಸರಿಯುವುದೆಂದು ತಿಳಿಯುವುದು ತಪ್ಪು. ಒತ್ತಡ ಮಿತಿಮೀರಿದರೆ ನಾರಿನ ಪದರದಲ್ಲಿ ರಕ್ತಸಂಚಾರವೇ ನಿಂತು, ಹಲ್ಲು ಸರಿಯದೆ ನಿಲ್ಲುತ್ತದೆ, ಬೇರಿಗೂ ಕೇಡಾಗುತ್ತದೆ. ಅದಕ್ಕಾಗಿಯೇ 1970ರ ದಶಕದಿಂದ ಬಳಕೆಗೆ ಬಂದ ನಿಕ್ಕಲ್ ಮತ್ತು ಟೈಟಾನಿಯಂ ಬೆರಕೆಯ ತಂತಿಗೆ ಇಷ್ಟು ಬೆಲೆ. ಎಷ್ಟು ಬಗ್ಗಿಸಿದರೂ ಅದು ತನ್ನ ಮೊದಲಿನ ಆಕಾರಕ್ಕೆ ಮೆಲ್ಲಗೆ, ಒಂದೇ ಸಮನೆ ಮರಳುತ್ತ ಹಲ್ಲುಗಳನ್ನು ತನ್ನೊಡನೆ ಕರೆತರುತ್ತದೆ.

ಒಂಬತ್ತನೆಯ ತರಗತಿಯ ವಯಸ್ಸು ಈ ಚಿಕಿತ್ಸೆಯಲ್ಲಿ ನಡುದಾರಿಯ ವಯಸ್ಸು. ಫೇಸ್‌ಮಾಸ್ಕಿನ ಕಾಲ ಬಹುಮಟ್ಟಿಗೆ ಕಳೆದಿರುತ್ತದೆ. ಶಸ್ತ್ರಚಿಕಿತ್ಸೆಯ ಕಾಲ ಬಂದಿರುವುದಿಲ್ಲ. ದೋಷ ಹಲ್ಲಿನಲ್ಲಿ ಮಾತ್ರವಿದ್ದರೆ, ಇಲ್ಲವೆ ಎಲುಬಿನ ದೋಷ ಅಲ್ಪವಾಗಿದ್ದರೆ, ಈಗಲೇ ತಂತಿ ಹಾಕಿ ಮೇಲಿನ ಹಲ್ಲುಗಳನ್ನು ಮುಂದಕ್ಕೂ ಕೆಳಗಿನವನ್ನು ಹಿಂದಕ್ಕೂ ತರಬಹುದು. ಇದಕ್ಕಾಗಿ ಕೆಳಗಿನ ಸಾಲಿನಲ್ಲಿ ಎರಡು ಸಣ್ಣ ದವಡೆಹಲ್ಲುಗಳನ್ನು ಕೀಳಬೇಕಾಗುವುದೂ ಉಂಟು. ಆದರೆ ಎಲುಬು ಇನ್ನೂ ಬೆಳೆಯುವಂತಿದ್ದರೆ ಇಂದು ಕೂಡಿಸಿದ ಹಲ್ಲುಗಳು ಎರಡು ವರ್ಷಗಳಲ್ಲಿ ಮತ್ತೆ ಬೇರೆಯಾಗುತ್ತವೆ. ಕಿತ್ತ ಹಲ್ಲು ಮಾತ್ರ ತಿರುಗಿ ಬರುವುದಿಲ್ಲ. ಬಲ್ಲ ವೈದ್ಯರು ಅವಸರಪಡುವುದಿಲ್ಲ. ಅವರು ತಲೆಯ ಪಾರ್ಶ್ವದಿಂದ ಎಕ್ಸ್‌ರೇ ಚಿತ್ರ ತೆಗೆದು ಎರಡೂ ದವಡೆಗಳ ಅಳತೆಯನ್ನು ಗುರುತಿಸಿಡುತ್ತಾರೆ. 1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾಟ್ ಎಂಬವರು ಪ್ರತ್ಯೇಕವಾಗಿ ರೂಪಿಸಿದ ವಿಧಾನವಿದು. ವರ್ಷ ಬಿಟ್ಟು ಅದೇ ಚಿತ್ರವನ್ನು ಮತ್ತೆ ತೆಗೆದು ಹೋಲಿಸಿದಾಗ ಬೆಳವಣಿಗೆ ನಡೆದಿದೆಯೋ ನಿಂತಿದೆಯೋ ತಿಳಿಯುತ್ತದೆ. ‘ಈಗ ಬೇಡ, ಮುಂದಿನ ವರ್ಷ ಬಾ’ ಎಂದು ವೈದ್ಯರು ಹೇಳಿ ಕಳಿಸಿದರೆ ಅದೂ ಚಿಕಿತ್ಸೆಯ ಒಂದು ಭಾಗವೇ.

ತಂತಿ ಹಾಕಿಸುವುದು, ಕ್ಲಿಪ್ಪು ಹಾಕಿಸುವುದು ಎಂದು ಜನ ಹೇಳುವ ಚಿಕಿತ್ಸೆ ಒಂದೂವರೆ ಎರಡು ವರ್ಷಗಳದು. ಪ್ರತಿ ಹಲ್ಲಿನ ಮೇಲೆ ಬ್ರಾಕೆಟ್ ಎಂಬ ಪುಟ್ಟ ಬಿಲ್ಲೆಯನ್ನು ಅಂಟಿಸಿ, ಅವುಗಳ ಮೂಲಕ ತಂತಿ ಹಾಯಿಸುತ್ತಾರೆ. ನಾಲ್ಕರಿಂದ ಆರು ವಾರಗಳಿಗೊಮ್ಮೆ ವೈದ್ಯರು ಅದನ್ನು ನೋಡಬೇಕು. ಮುದಗಲ್ಲಿನವರಿಗೆ ಕಷ್ಟವಿರುವುದು ಇಲ್ಲಿಯೇ. ಹಲ್ಲು ಕೀಳಿಸಲು, ಕುಳಿ ತುಂಬಿಸಲು ಲಿಂಗಸುಗೂರಿನವರೆಗೆ ಹೋದರೆ ಸಾಕು. ಹಲ್ಲು ಸರಿಪಡಿಸುವ ತಜ್ಞರು ದಂತವೈದ್ಯ ಪದವಿಯ ಮೇಲೆ ಮತ್ತೆ ಮೂರು ವರ್ಷ ಓದಿದವರು; ಅವರಿರುವ ದಂತವೈದ್ಯ ಕಾಲೇಜುಗಳು ರಾಯಚೂರಿನಲ್ಲಿವೆ. ಅಲ್ಲಿಗೆ ಹೆಚ್ಚುಕಡಮೆ ನೂರು ಕಿಲೋಮೀಟರು. ಕಾಲೇಜಿನ ಆಸ್ಪತ್ರೆಗಳಲ್ಲಿ ವೆಚ್ಚ ಖಾಸಗಿ ದವಾಖಾನೆಗಳಿಗಿಂತ ಸಾಮಾನ್ಯವಾಗಿ ಕಡಮೆ. ಆದರೂ ಎರಡು ವರ್ಷಗಳಲ್ಲಿ ಇಪ್ಪತ್ತು ಸಲ ಬಸ್ಸು ಹತ್ತಬೇಕು. ಪ್ರತಿಸಲವೂ ಮಗುವಿಗೆ ಒಂದು ದಿನದ ಪಾಠ, ಜೊತೆಗೆ ಹೋದವರಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಕಬ್ಬು ಸಿಗಿದೋ ಖಡಕ್ ರೊಟ್ಟಿ ಕಡಿದೋ ಬ್ರಾಕೆಟ್ ಕಿತ್ತುಬಂದರೆ ಇನ್ನೊಂದು ಪ್ರಯಾಣ. ಆದುದರಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದು, ಊಟವಾದೊಡನೆ ಬ್ರಶ್ಶಿನಿಂದ ತಂತಿಯ ಸುತ್ತ ತಿಕ್ಕುವುದು ಇವನ್ನು ಸಣ್ಣ ವಿಷಯಗಳೆನ್ನಲಾಗದು. ಶುಚಿಯಿಲ್ಲದಿದ್ದರೆ ಬಿಲ್ಲೆಯ ಸುತ್ತ ಹಲ್ಲಿನ ಮೇಲೆ ಬಿಳಿಯ ಮಚ್ಚೆಗಳು ಉಳಿದುಬಿಡುತ್ತವೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಿದ ಅಂಥ ನೀರನ್ನು ಎಳವೆಯಲ್ಲಿ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟಿಗಳು ಮೂಡುತ್ತವೆ. ತಂತಿ ಹಾಕಿಸಿದರೆ ಈ ಬಣ್ಣವೂ ಹೋದೀತೆಂದು ಕೆಲವರು ನಂಬುತ್ತಾರೆ. ತಂತಿಗೂ ಬಣ್ಣಕ್ಕೂ ಸಂಬಂಧವಿಲ್ಲ. ಇಂಥ ಹಲ್ಲುಗಳ ಮೇಲೆ ಬಿಲ್ಲೆ ಅಂಟಿಸಲು ವೈದ್ಯರು ಹೆಚ್ಚಿನ ಎಚ್ಚರ ವಹಿಸಬೇಕಾಗುತ್ತದೆ, ಅಷ್ಟೆ.

ಎಲುಬಿನ ದೋಷ ಹಿರಿದಾಗಿದ್ದವರಿಗೆ ಬೆಳವಣಿಗೆ ನಿಂತ ಮೇಲೆ ಶಸ್ತ್ರಚಿಕಿತ್ಸೆಯ ದಾರಿಯಿದೆ. ಹ್ಯೂಗೋ ಒಬ್ವೆಗೆಸರ್ ಎಂಬ ವೈದ್ಯನು 1950ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, ಬಾಯಿಯ ಒಳಗಿನಿಂದಲೇ ಕೆಳದವಡೆಯ ಎಲುಬನ್ನು ಎರಡೂ ಬದಿಗಳಲ್ಲಿ ಪದರವಾಗಿ ಸೀಳಿ, ಹಿಂದಕ್ಕೆ ಜಾರಿಸಿ ಕೂಡಿಸುತ್ತಾರೆ. ಹೊರಗೆ ಗಾಯದ ಕಲೆ ಕಾಣುವುದಿಲ್ಲ. ಮೇಲ್ದವಡೆ ಹಿಂದುಳಿದಿದ್ದರೆ ಅದನ್ನೂ ಮುಂದೆ ತರುವುದುಂಟು. ಎಲುಬು ಕೂಡಿಕೊಳ್ಳುವವರೆಗೆ ಟೈಟಾನಿಯಂ ಪಟ್ಟಿ ಮತ್ತು ತಿರುಪುಗಳು ಅದನ್ನು ಹಿಡಿದಿರುತ್ತವೆ. ಕೆಳದುಟಿಗೆ ಹೋಗುವ ನರ ಆ ಎಲುಬಿನೊಳಗೇ ಹಾಯುವುದರಿಂದ ಕೆಲವರಿಗೆ ತುಟಿ ಬಹುಕಾಲ ಮರಗಟ್ಟಿದಂತಿರುತ್ತದೆ. ಇದನ್ನು ಮೊದಲೇ ತಿಳಿದಿರಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ತಂತಿ ಹಾಕಿ, ವಾಲಿದ ಹಲ್ಲುಗಳನ್ನು ಅವುಗಳ ಎಲುಬಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಆ ಅವಧಿಯಲ್ಲಿ ಗದ್ದ ಮೊದಲಿಗಿಂತ ಹೆಚ್ಚು ಮುಂದೆ ಬಂದಂತೆ ಕಂಡು ರೋಗಿ ಗಾಬರಿಗೊಳ್ಳುವುದುಂಟು. ಧಾರವಾಡದಲ್ಲಿ 1986ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತವೈದ್ಯ ಕಾಲೇಜು ಸೀಳಂಗಳದ ಮತ್ತು ಮುಖದೆಲುಬಿನ ಇಂಥ ಶಸ್ತ್ರಚಿಕಿತ್ಸೆಗಳಿಗೆ ಉತ್ತರ ಕರ್ನಾಟಕದಲ್ಲಿ ಹೆಸರಾಗಿದೆ.

ತಂತಿ ಬಿಚ್ಚಿದ ದಿನವೇ ಚಿಕಿತ್ಸೆ ಮುಗಿಯಿತೆನ್ನುವಂತಿಲ್ಲ. ಹಲ್ಲಿನ ಸುತ್ತಲಿನ ಒಸಡಿನ ನಾರುಗಳು ಹಳೆಯ ಸ್ಥಾನಕ್ಕೇ ಎಳೆಯುತ್ತಿರುತ್ತವೆ. ಅವು ಹೊಸ ನೆಲೆಗೆ ಹೊಂದಿಕೊಳ್ಳಲು ವರ್ಷ ಹಿಡಿಯುತ್ತದೆ. ಅದುವರೆಗೆ, ಹಲವರಲ್ಲಿ ಆಮೇಲೂ, ರಾತ್ರಿ ಮಲಗುವಾಗ ರಿಟೇನರ್ ಎಂಬ ತೆಳುವಾದ ತಟ್ಟೆಯನ್ನು ತೊಡಬೇಕು. ಇಲ್ಲವೆ ಕೆಳಗಿನ ಮುಂಬಲ್ಲುಗಳ ಹಿಂಬದಿಗೆ ತೆಳುವಾದ ತಂತಿಯನ್ನು ಅಂಟಿಸಿಬಿಡುತ್ತಾರೆ. ಎದುರಿಗಿದ್ದವರಿಗೆ ಅದು ಕಾಣುವುದಿಲ್ಲ. ತೊಟ್ಟವರ ನಾಲಗೆಗೆ ಮಾತ್ರ ತಾಗುತ್ತಿರುತ್ತದೆ.